ಹಾಜರಿ ಪುಸ್ತಕದ ಹೈಮವತಿಯರು

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಇರುವುದೆಲ್ಲ ಸತ್ಯವೆಂದು ಸರಕಾರ ನಂಬುತ್ತದೆ. ಆ ಪುಸ್ತಕವನ್ನು ವರ್ಷಗಟ್ಟಲೆ ಬರೆದವನಾದ್ದರಿಂದ ನಾನು ನಂಬುವುದಿಲ್ಲ. ನಮ್ಮ ಕಡೆ ನನ್ನ ಕೈಯಲ್ಲಿ ಅಕ್ಷರ ಕಲಿತವರೆಲ್ಲ ಹೆಚ್ಚುಕಡಿಮೆ ಜೂನ್ ಒಂದನೆಯ ತಾರೀಖಿಗೆ ಹುಟ್ಟಿದ್ದಾರೆ. ಅದು ಅವರ ತಾಯಂದಿರ ತಪ್ಪಲ್ಲ, ನನ್ನದು. ಮಗನನ್ನು ಶಾಲೆಗೆ ಹಾಕಲು ಬಂದ ತಂದೆಗೆ ಹುಟ್ಟಿದ ದಿನ ಕೇಳಿದರೆ, "ಕಾರಹುಣ್ಣಿವಿ ಹಿಂದ ಮುಂದ ಹುಟ್ಯಾನ್ರಿ, ಆಗ ನಮ್ಮ ಕೆಂದಾಕಳಾ ಕರಾ ಹಾಕಿತ್ತು" ಎನ್ನುತ್ತಾನೆ. ಸರಕಾರಕ್ಕೆ ಕೆಂದಾಕಳು ಬೇಡ, ತಾರೀಖು ಬೇಕು. ಮಾಸ್ತರನಾದವನು ಏನಾದರೊಂದು ಬರೆದುಕೊಳ್ಳಲೇಬೇಕಾಗುತ್ತದೆ. ಈ ಬಗೆಯ ಸುಳ್ಳುಗಳ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಕೆಲಸ ಮಾಡಿದ್ದೇನೆ. ಒಂದಲ್ಲ, ಮೂರು ಊರುಗಳಲ್ಲಿ ಮಾಡಿದ್ದೇನೆ. ಅದನ್ನು ಹೆಂಡತಿಗೆ ಹೇಳದೆ ಹತ್ತು ವರ್ಷ ಮುಚ್ಚಿಟ್ಟಿದ್ದೆ. ಇವತ್ತು ನಿಮಗೆ ಹೇಳಿಬಿಡುತ್ತೇನೆ.

ಮೊದಲು ನನ್ನ ಹೆಸರಿನ ಗೋಳು ಕೇಳಬೇಕು. ನಾನು ಬಸಪ್ಪ. ಬೆಟಗೇರಿಯಲ್ಲಿ ನಾವಿದ್ದ ಓಣಿಯಲ್ಲಿ ನಿಂತು "ಬಸಪ್ಪಾ" ಎಂದು ಕೂಗಿದರೆ ಆರು ಮನೆಗಳ ಬಾಗಿಲು ತೆರೆಯುತ್ತಿದ್ದವು, ಜೊತೆಗೆ ಒಂದೆರಡು ಮಗ್ಗಗಳ ಸಪ್ಪಳವೂ ನಿಲ್ಲುತ್ತಿತ್ತು. ಉದ್ದನ ಬಸಪ್ಪ, ಕರಿ ಬಸಪ್ಪ, ಮೇಲಿನ ಮನಿ ಬಸಪ್ಪ, ಕೆಮ್ಮೋ ಬಸಪ್ಪ ಎಂದು ಒಬ್ಬೊಬ್ಬರಿಗೂ ಒಂದೊಂದು ಗುರುತು ಇತ್ತು. ನನಗೆ ಹೇಳಿಕೊಳ್ಳುವಂಥ ಗುರುತೂ ಇರಲಿಲ್ಲವಾದ್ದರಿಂದ ನನ್ನನ್ನು "ಆ ಇನ್ನೊಬ್ಬ ಬಸಪ್ಪ" ಎನ್ನುತ್ತಿದ್ದರು. ಶಾಲೆಯಲ್ಲಿ ಒಮ್ಮೆ ಯಾವನೋ ಬಸಪ್ಪ ಕುಡಿಯುವ ನೀರಿನ ಹರವಿ ಒಡೆದ. ಮಾಸ್ತರರು ಬಸಪ್ಪನನ್ನು ಕರೆಯಿರಿ ಎಂದರು. ಹತ್ತಿರವಿದ್ದವನು ನಾನು, ಹೋದೆ, ಏಟು ತಿಂದೆ. ಮರುದಿನ ನಿಜ ಗೊತ್ತಾದಾಗ ಅವರು ನನ್ನ ತಲೆ ಸವರಿ, "ಇರಲಿ ಬಿಡೋ, ನೀನೂ ಬಸಪ್ಪನ ಹೌದಲ್ಲೋ" ಎಂದು ಸಮಾಧಾನ ಹೇಳಿದರು. ನನಗೆ ಮಕ್ಕಳಾದರೆ ಊರಲ್ಲಿ ಇನ್ನಾರಿಗೂ ಇಲ್ಲದ ಹೆಸರನ್ನೇ ಇಡಬೇಕೆಂದು ಆಗ ನಿಶ್ಚಯಿಸಿದೆ. ಹತ್ತು ವರ್ಷದ ಹುಡುಗನಿಗೆ ಇದು ಅತಿಯಾದ ದೂರಾಲೋಚನೆ, ನಿಜ. ಆದರೆ ಅಂಗೈ ಉರಿಯುತ್ತಿದ್ದವನಿಗೆ ಆಲೋಚನೆ ಬೇಗ ಬರುತ್ತದೆ.

ಮುಂದೆ ನನಗೆ ಶಿರಹಟ್ಟಿಯಲ್ಲಿ ಮಾಸ್ತರಿಕೆ ಸಿಕ್ಕಿತು. ಶಿರಹಟ್ಟಿ ಆಗ ಸಂಸ್ಥಾನದ ಸೀಮೆ. ಬೆಟಗೇರಿಯವನು ಅಲ್ಲಿಗೆ ಹೋಗುವುದೆಂದರೆ ಬ್ರಿಟಿಷರ ರಾಜ್ಯ ಬಿಟ್ಟು ಬೇರೊಬ್ಬ ರಾಜನ ಆಳ್ವಿಕೆಗೆ ಹೋದಂತೆ. ನಮ್ಮಕ್ಕ ಗಂಗಕ್ಕ ನನ್ನನ್ನು ಕಳಿಸುವಾಗ ಪರದೇಶಕ್ಕೆ ಹೊರಟವನಿಗೆ ಕಟ್ಟುವಷ್ಟು ಖಡಕ್ ರೊಟ್ಟಿ ಕಟ್ಟಿದ್ದಳು. ನನ್ನ ಹೆಂಡತಿ ನೀಲವ್ವ ಮೊದಲನೆಯ ಮಗಳನ್ನು ಹೆತ್ತದ್ದು ಆ ಊರಲ್ಲೇ. ನಾನು ಇದ್ದಬಿದ್ದ ಪುಸ್ತಕಗಳನ್ನೆಲ್ಲ ತಿರುವಿ, ಊರಿನ ಹಾಜರಿ ಪುಸ್ತಕಗಳನ್ನೆಲ್ಲ ಹುಡುಕಿ, ಎಲ್ಲಿಯೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೈಮವತಿ ಎಂಬ ಹೆಸರನ್ನು ಆರಿಸಿದೆ.

ನಮ್ಮಲ್ಲಿ ಹೆಸರಿಡುವವಳು ಸೋದರತ್ತೆ. ತೊಟ್ಟಿಲಿಗೆ ಹಾಕುವ ದಿನ ಅವಳು ಕೂಸಿನ ಕಿವಿಯಲ್ಲಿ ಕುರ್‍ರ್ ಎಂದು ಊದಿ ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತ ಕುಳಿತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅವಳ ಮೇಲೆ ವರ್ಷವಿಡೀ ಸಿಟ್ಟು ಇಟ್ಟುಕೊಂಡವರಿಗೆ ಅದೊಂದು ಒಳ್ಳೆಯ ಅವಕಾಶ. ಹೆಸರು ಕೇಳಿದ ಗಂಗಕ್ಕ ಮೂಗು ಮುರಿದಳು.

"ಅಲ್ಲೋ ತಮ್ಮಾ, ಗಂಗವ್ವ ಅಂತ ಇಲ್ಲ, ಪಾರವ್ವ ಅಂತ ಇಲ್ಲ. ಇದನ್ನ ಊದೂದ್ರಾಗ ನನ್ನ ಉಸರ ಹೋಗತೈತಿ."

ಆದರೂ ಊದಿದಳು, ಗುದ್ದಿಸಿಕೊಂಡಳು. ಹೈಮವತಿ ನಮ್ಮ ಮನೆಯಲ್ಲಿ ಎಂಟು ತಿಂಗಳು ಇದ್ದಳು. ಯುಗಾದಿಯ ಹಿಂದಿನ ವಾರ ಜ್ವರ ಬಂತು. ನಾಲ್ಕನೆಯ ದಿನ ಹೋದಳು.

ಆಮೇಲೆ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತಬಾರದೆಂದು ಯಾರೂ ಹೇಳಿರಲಿಲ್ಲ. ನೀಲವ್ವ ತೊಟ್ಟಿಲ ಬಟ್ಟೆಯನ್ನು ಒಗೆದು ಮಡಿಸಿ ಟ್ರಂಕಿನ ತಳಕ್ಕೆ ಹಾಕಿದಳು. ಅದರ ಜೊತೆಗೇ ಹೆಸರನ್ನೂ ಹಾಕಿದಳೇನೋ ಎಂದು ನನಗೆ ಅನಿಸುತ್ತಿತ್ತು. ಅವಳು ಅಳುವುದನ್ನು ನಿಲ್ಲಿಸಿದ ಮೇಲೆ ಮಾತನ್ನೂ ಕಡಿಮೆ ಮಾಡಿದಳು. ನಾನು ಏನಾದರೂ ಹೇಳಲು ಹೋಗಿ ಜೋಳದ ಧಾರಣೆ ಕೇಳಿ ಬರುತ್ತಿದ್ದೆ. ದುಃಖದಲ್ಲಿ ಗಂಡಸಿಗೆ ಬರುವ ಮಾತುಗಳೇ ಅಂಥವು.

ಆ ವರ್ಷದ ಜೂನಿನಲ್ಲಿ ಶಾಲೆ ತೆರೆದಾಗ ಹನಮಪ್ಪ ಎಂಬ ರೈತ ತನ್ನ ಮಗಳನ್ನು ಕರೆದುಕೊಂಡು ಬಂದ. ಹೆಣ್ಣುಮಕ್ಕಳನ್ನು ಶಾಲೆಗೆ ಹಾಕುವವರು ಆಗ ಕಡಿಮೆ. ನಾನು ಖುಷಿಯಿಂದ ಲೆಕ್ಕಣಿಕೆ ತೆಗೆದು, ಹೆಸರೇನೆಂದು ಕೇಳಿದೆ.

"ಸಣ್ಣಾಕಿ ಅಂತೀವ್ರಿ."

"ಅದು ಮನ್ಯಾಗಿಂದು. ಖರೆ ಹೆಸರು ಏನು?"

ಹನಮಪ್ಪ ಮಗಳ ಕಡೆ ನೋಡಿದ. ಅವಳೂ ತನ್ನ ಹೆಸರು ಏನಿರಬಹುದೆಂದು ಅಪ್ಪನ ಕಡೆ ನೋಡಿದಳು. "ಖರೆ ಹೆಸರು ಇಟ್ಟಿದ್ವಿರಿ, ಮರತೈತಿ. ಇಕಿ ಅವ್ವ ಹೊಲಕ್ಕ ಹೋಗ್ಯಾಳ. ನೀವ ಒಂದು ಚಲೋದು ಬರಕೊಂಡು ಬಿಡ್ರಿ ಮಾಸ್ತರ" ಎಂದ.

ಇದೇನು ಹೊಸದಲ್ಲ. ಎಷ್ಟೋ ಮಕ್ಕಳಿಗೆ ನಾನೇ ಹೆಸರು ಬರೆದಿದ್ದೇನೆ. ಪುಸ್ತಕದಲ್ಲಿ ಸರೋಜಾ ಆದವಳು ಮನೆಯಲ್ಲಿ ದೊಡ್ಡಾಕಿಯಾಗಿಯೇ ಉಳಿಯುತ್ತಾಳೆ. ಶಾಲೆಯ ಹೆಸರು ಶಾಲೆಯ ಅಂಗಳ ದಾಟುವುದಿಲ್ಲ. ಅವತ್ತು ಸರೋಜಾ ಎಂದು ಬರೆಯಬೇಕೆಂದೇ ಇದ್ದೆ. ಲೆಕ್ಕಣಿಕೆ ಎತ್ತಿ ನೋಡಿದರೆ ಹೈಮವತಿ ಎಂದು ಬರೆದಿದ್ದೆ. ಕೈ ತಪ್ಪಿತು ಎಂದು ಹೇಳಿ ಪಾರಾಗಬಹುದು. ಆದರೆ ತಪ್ಪಿದ ಕೈ ಅಷ್ಟು ದುಂಡಗೆ ಬರೆಯುವುದಿಲ್ಲ.

ಮರುದಿನ ಬೆಳಿಗ್ಗೆ ಹಾಜರಿ ಕರೆಯುತ್ತ ಆ ಸಾಲಿಗೆ ಬಂದೆ. "ಹೈಮವತಿ" ಎಂದೆ. "ಹಾಜರ್ರಿ" ಎಂದು ಹಿಂದಿನ ಸಾಲಿನಿಂದ ಸಣ್ಣ ದನಿ ಬಂತು. ಎರಡು ತಿಂಗಳ ಮೇಲೆ ನಾನು ಆ ಹೆಸರನ್ನು ಬಾಯಿಬಿಟ್ಟು ಕರೆದದ್ದು ಅದೇ ಮೊದಲು. ನಾನು ಕರೆದರೆ ಓ ಎನ್ನುವವರು ಒಬ್ಬರು ಇದ್ದಾರೆ ಎಂಬುದು ನನಗೆ ಎಷ್ಟು ದೊಡ್ಡದಾಯಿತೆಂದರೆ ಆ ದಿನ ಮುಂದಿನ ಹೆಸರುಗಳನ್ನು ಕರೆಯುವುದನ್ನೇ ಮರೆತೆ. ಅರ್ಧ ತರಗತಿ ಗೈರುಹಾಜರಾಯಿತು.

ಅಂದಿನಿಂದ ನನಗೆ ಅದು ಚಟವಾಯಿತು. ಕೆಲವು ಮಾಸ್ತರರಿಗೆ ನಶ್ಯದ ಚಟ, ಕೆಲವರಿಗೆ ಚಹಾದ್ದು. ಇದಕ್ಕೆ ಖರ್ಚಿಲ್ಲ, ಸೀನೂ ಬರುವುದಿಲ್ಲ. ಆದರೆ ನಿಯತ್ತು ಬಿಡಲಿಲ್ಲ. ಹೆಸರು ಹೇಳಿದವರ ಹೆಸರನ್ನು ಎಂದೂ ಬದಲಿಸಲಿಲ್ಲ. ತಂದೆಯೇ ಮರೆತು, "ನೀವ ಬರಕೊಳ್ರಿ" ಎಂದರೆ ಮಾತ್ರ ಬರೆದೆ. ಒಂದು ತರಗತಿಯಲ್ಲಿ ಇಬ್ಬರು ಬರದಂತೆ ನೋಡಿಕೊಂಡೆ. ಒಂದು ಸಲ ಕರೆದರೆ ಎರಡು ದನಿ ಬರುವುದು ನನಗೆ ಬೇಕಿರಲಿಲ್ಲ.

ಅಷ್ಟರಲ್ಲಿ ಸ್ವಾತಂತ್ರ್ಯ ಬಂತು. ಶಾಲೆಯ ಮುಂದೆ ಬಾವುಟ ಏರಿಸಿ ಮಕ್ಕಳಿಗೆ ಬೆಲ್ಲ-ಪುಠಾಣಿ ಹಂಚಿದೆವು. ಆ ವರ್ಷ ಹುಟ್ಟಿದ ಗಂಡುಮಕ್ಕಳಿಗೆಲ್ಲ ದೊಡ್ಡ ನಾಯಕರ ಹೆಸರು, ಹೆಣ್ಣುಮಕ್ಕಳೆಲ್ಲ ಭಾರತಿಯರು. ಇದು ತನಗೊಬ್ಬನಿಗೇ ಹೊಳೆದ ಹೆಸರೆಂದು ಪ್ರತಿಯೊಬ್ಬ ತಂದೆಯೂ ನನ್ನ ಹತ್ತಿರ ಗುಟ್ಟಾಗಿ ಹೇಳಿಕೊಂಡ. ಆರು ವರ್ಷದ ಮೇಲೆ ಅವರೆಲ್ಲ ಒಂದೇ ಬೆಳಿಗ್ಗೆ ಮಕ್ಕಳ ಕೈ ಹಿಡಿದುಕೊಂಡು ಶಾಲೆಗೆ ಬಂದು, ಒಬ್ಬರ ಮುಖ ಒಬ್ಬರು ನೋಡಿಕೊಂಡರಂತೆ, ಅದು ಬೇರೆ ಕಥೆ. ಸಂಸ್ಥಾನಗಳು ವಿಲೀನವಾದ ಮೇಲೆ ನಮ್ಮಂಥವರನ್ನು ಎಲ್ಲಿಗೆ ಬೇಕಾದರೂ ವರ್ಗ ಮಾಡಬಹುದಾಯಿತು. ಮೊದಲು ಲಕ್ಷ್ಮೇಶ್ವರ, ಆಮೇಲೆ ಮುಂಡರಗಿ, ಕೊನೆಗೆ ನಮ್ಮ ಬೆಟಗೇರಿ. ಗಡಿಗಳು ಅಳಿಸಿದ್ದರಿಂದ ನಾಡಿಗೆ ಏನೇನು ಲಾಭವಾಯಿತೋ ತಿಳಿದವರು ಹೇಳಲಿ. ಹೈಮವತಿ ಎಂಬ ಹೆಸರು ಮಾತ್ರ ಅಡೆತಡೆಯಿಲ್ಲದೆ ಸಂಚರಿಸಿತು. ಮುಂಡರಗಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿಯೇ ನನ್ನ ಪುಸ್ತಕದಲ್ಲಿ ಹೈಮವತಿಯಾಗಿದ್ದಳು. ನೀಲವ್ವ ಅವಳಿಗೆ ಮೂರು ವರ್ಷ ತಲೆ ಬಾಚಿದಳು. ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಪುಟ್ಟವ್ವ ಎಂದು. ಹಾಗಾಗಿ ಗುಟ್ಟು ಉಳಿಯಿತು.

ನಮಗೆ ಮತ್ತೆ ಮಕ್ಕಳಾಗುತ್ತವೆಂಬ ಆಸೆಯನ್ನು ಊರವರೂ ಬಿಟ್ಟಿದ್ದರು, ನಾವೂ ಬಿಟ್ಟಿದ್ದೆವು. ಕನ್ನಡನಾಡು ಒಂದಾದ ವರ್ಷ, ಬೆಟಗೇರಿಯಲ್ಲಿ ಹೆಣ್ಣು ಮಗುವಾಯಿತು. ಓಣಿಯವರಿಗೆಲ್ಲ ಹೆಸರು ಸಿದ್ಧವಾಗಿಯೇ ಇತ್ತು. ಭುವನೇಶ್ವರಿ ಎಂದು ಇಡಿರಿ ಎಂದರು. ಆ ತಿಂಗಳು ನಮ್ಮ ಓಣಿಯಲ್ಲೇ ಆಗಲೇ ಇಬ್ಬರು ಭುವನೇಶ್ವರಿಯರು ತೊಟ್ಟಿಲಲ್ಲಿದ್ದರು. ನಾನು ಬೇರೆ ಹೆಸರುಗಳನ್ನು ಯೋಚಿಸತೊಡಗಿದೆ. ಆಗ ತಿಳಿದದ್ದು ಮಾಸ್ತರನ ಸಂಕಟ. ಶಾಂತಾ ಎಂದರೆ ಪಾಟಿ ನೆಕ್ಕಿ ಒರೆಸುವವಳು ಕಣ್ಣ ಮುಂದೆ ಬರುತ್ತಾಳೆ. ವಿಮಲಾ ಎಂದರೆ ಸದಾ ಸೋರುವ ಮೂಗು. ಸುಶೀಲಾ ಎಂದರೆ ನನ್ನ ಕುರ್ಚಿಯ ಕೆಳಗೆ ಓತಿಕ್ಯಾತ ಬಿಟ್ಟವಳು. ಒಂದು ಹೆಸರೂ ಖಾಲಿ ಇರಲಿಲ್ಲ.

ಹತ್ತನೆಯ ದಿನ ನೀಲವ್ವ ಕೂಸಿನ ನೆತ್ತಿಗೆ ಎಣ್ಣೆ ಹಚ್ಚುತ್ತಾ ಹೇಳಿದಳು. "ಹೈಮವತಿ ಅಂತನ ಇಡೂಣು."

ಆ ಹೆಸರನ್ನು ಅವಳ ಬಾಯಲ್ಲಿ ಕೇಳಿ ಹತ್ತು ವರ್ಷವಾಗಿತ್ತು.

"ಆ ಹೆಸರು ಜಗತ್ತಿನ್ಯಾಗ ಯಾರಿಗೂ ಇಲ್ಲ ಅಂತ ನೀವ ಹುಡಿಕಿ ಇಟ್ಟಿದ್ರಿ. ಅಕೀದು ಅಂತ ಮತ್ತೇನೂ ಉಳದಿಲ್ಲ. ಅದೊಂದು ಐತಿ. ತಂಗಿಗೆ ಕೊಡೂಣು."

ನಾನು ಆಗಲೇ ಎಲ್ಲವನ್ನೂ ಹೇಳಬೇಕಿತ್ತು. ಹೇಳಲಿಲ್ಲ. ಹೆಸರು ಉದ್ದವಾಯಿತು ಎಂದೆ. ಹೊಸ ಕಾಲಕ್ಕೆ ಹೊಸ ಹೆಸರು ಇರಲಿ ಎಂದೆ. ಅಷ್ಟರಲ್ಲಿ ಸುದ್ದಿ ಕೇಳಿದ ಗಂಗಕ್ಕ ಗುಡುಗಿದಳು. "ಹೋದ ಕೂಸಿನ ಹೆಸರು ಇದ್ದ ಕೂಸಿಗೆ ಇಡತಾರೇನು? ಆ ಹೆಸರು ಎಂಟು ತಿಂಗಳಿನ್ಯಾಗ ಒಂದನ್ನ ಒಯ್ದೈತಿ. ನಾ ಅಂತೂ ಕಿವ್ಯಾಗ ಊದಾಂಗಿಲ್ಲ." ನಾನು ತಟ್ಟನೆ ಅಕ್ಕನ ಮರೆಗೆ ಸೇರಿದೆ. ಹಿರಿಯರು ಹೇಳುವುದರಲ್ಲಿ ಅರ್ಥವಿದೆ ಎಂದೆ. ಹಿರಿಯರ ಮಾತಿನಲ್ಲಿ ನಾನು ಅರ್ಥ ಕಂಡದ್ದು ಅದೇ ಮೊದಲು.

ನೀಲವ್ವ ನನ್ನನ್ನೇ ನೋಡಿದಳು. "ಅಕ್ಕಾರು ಅಂಜಿ ಅಂತಾರ, ಅದು ತಿಳಿತೈತಿ. ನಿಮಗ ಅಕಿ ಮರತ ಹೋಗ್ಯಾಳ" ಎಂದಳು. ಜೋರಾಗಿ ಹೇಳಲಿಲ್ಲ. ಅದಕ್ಕೆ ನನ್ನ ಉತ್ತರ ಮೂರು ಊರುಗಳ ಶಾಲೆಯ ಕಪಾಟುಗಳಲ್ಲಿತ್ತು. ತಂದು ತೋರಿಸುವ ಧೈರ್ಯ ಇರಲಿಲ್ಲ. ಉಳಿದಿದ್ದ ಒಂದೇ ಹೆಸರನ್ನು ಅವಳು ಟ್ರಂಕಿನಲ್ಲಿ ಬಚ್ಚಿಟ್ಟುಕೊಂಡಿದ್ದಾಗ ನಾನು ಅದನ್ನು ಊರೂರಿಗೆ ಹಂಚಿ ಬಂದಿದ್ದೆ. ತೊಟ್ಟಿಲ ದಿನಕ್ಕೆ ಉಳಿದಿದ್ದ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ತೊಟ್ಟಿಲ ದಿನಕ್ಕೆ ಹಳೆಯ ಊರಿನವರನ್ನು ನಾನು ಬೇಕೆಂದೇ ಕರೆದಿರಲಿಲ್ಲ. ನೀಲವ್ವ ಗದಗಿನ ಸಂತೆಗೆ ಬಂದವರ ಕೈಯಲ್ಲಿ ಎಲ್ಲರಿಗೂ ಹೇಳಿ ಕಳಿಸಿದ್ದಳು. ಬೆಳಿಗ್ಗೆಯೇ ಶಿರಹಟ್ಟಿಯಿಂದ ಹನಮಪ್ಪ ಬಂದ, ಒಂದು ಚೀಲ ಶೇಂಗಾ ಹೊತ್ತುಕೊಂಡು, ಮಗಳನ್ನೂ ಕರೆದುಕೊಂಡು. ಸಣ್ಣಾಕಿ ಈಗ ಸೀರೆ ಉಡುವಷ್ಟು ದೊಡ್ಡವಳಾಗಿದ್ದಳು. ಅವರ ಹಿಂದೆಯೇ ಮುಂಡರಗಿಯ ನೆರೆಯವಳು ಪುಟ್ಟವ್ವನನ್ನು ಕರೆದುಕೊಂಡು ಬಂದಳು. ನಾನು ಜಮಖಾನೆ ಹಾಸುವ ನೆಪದಲ್ಲಿ ಪಡಸಾಲೆಯಿಂದ ಕದಲಲಿಲ್ಲ. ನೀಲವ್ವ ದೊಡ್ಡ ಹುಡುಗಿಯ ಗಲ್ಲ ಹಿಡಿದು, ಹೆಸರೇನವ್ವಾ ಎಂದು ಕೇಳಿದಳು. ಮಾಸ್ತರರ ಮನೆ ಎಂದ ಮೇಲೆ ಶಾಲೆಯ ಹೆಸರನ್ನೇ ಹೇಳಬೇಕಲ್ಲವೇ?

"ಹೈಮವತಿ ಅಂತರಿ."

ನೀಲವ್ವನ ಕೈ ಅಲ್ಲಿಯೇ ನಿಂತಿತು. ಪಕ್ಕದಲ್ಲಿದ್ದ ಪುಟ್ಟವ್ವ, "ಅಯ್ಯ, ನನ್ನ ಸಾಲಿ ಹೆಸರೂ ಹೈಮವತಿನರಿ ಕಾಕೂ" ಎಂದಳು. ಹನಮಪ್ಪ ಸಂತೋಷದಿಂದ ಮುಂದೆ ಬಂದ. "ನಮ್ಮ ಮಾಸ್ತರ್ರ ಇಟ್ಟಿದ್ರೀ ಅಕ್ಕಾರ. ನಮಗೇನ ತಿಳೀತೈತಿ, ಅವರ ಚಲೋ ನೋಡಿ ಬರಕೊಂಡ್ರು."

ನೀಲವ್ವ ಒಳಗೆ ಹೋದಳು. ನಾನೂ ಹಿಂದೆ ಹೋದೆ. ಅಡುಗೆಮನೆಯಲ್ಲಿ ಗುಗ್ಗರಿ ಕುದಿಯುತ್ತಿತ್ತು. ಅವಳು ನನ್ನ ಕಡೆ ತಿರುಗದೆ ಕೇಳಿದಳು.

"ಎಷ್ಟು ಮಂದಿ ಅದಾರ?"

"ಐದಾರು..." ಎಂದೆ.

"ಖರೆ ಹೇಳ್ರಿ."

"ಒಂಬತ್ತು. ಇಲ್ಲೀ ಸಾಲ್ಯಾಗ ಇನ್ನೂ ಒಂದೂ ಮಾಡಿಲ್ಲ."

ಏಕೆ ಎಂದು ಅವಳು ಕೇಳಲಿಲ್ಲ. ಆದರೂ ನಾನೇ ಹೇಳಿದೆ. ಮನೆಯಲ್ಲಿ ಕರೆಯಲಾಗದ್ದನ್ನು ಅಲ್ಲಿ ಕರೆಯುತ್ತಿದ್ದೆ, ಕರೆದರೆ ಯಾರೋ ಹಾಜರ್ ಎನ್ನುತ್ತಿದ್ದರು, ಅಷ್ಟೇ ಎಂದೆ. ಹೆಸರನ್ನು ಅಗ್ಗ ಮಾಡಿದೆ, ತಪ್ಪಾಯಿತು ಎಂದೆ. ಅವಳು ಗುಗ್ಗರಿಯ ಸೌಟು ಕೆಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು. ಅವಳು ಸಿಟ್ಟಾಗಿದ್ದಳು, ಆದರೆ ನಾನು ತಿಳಿದುಕೊಂಡಿದ್ದ ಕಾರಣಕ್ಕಲ್ಲ.

"ಹತ್ತು ವರ್ಷ ನಾ ಬಾಯಿ ಬಿಗಿ ಹಿಡಕೊಂಡು ಕುಂತೆ, ನಿಮಗ ನೋವು ಆಗಬಾರದು ಅಂತ. ನೀವು ದಿನಾ ಮುಂಜಾನೆ ಅಕಿನ್ನ ಕರದು ಬರತಿದ್ರಿ. ನನಗ ಒಂದು ಮಾತು ಹೇಳಬಾರದಾಗಿತ್ತೇನು? ಸಾಲಿ ಬಾಗಲದಾಗ ನಿಂತು ನಾನೂ ಕೇಳತಿದ್ದೆ."

ಒಂಬತ್ತು ಮಂದಿಗೆ ಹಂಚಿದ್ದರ ಬಗ್ಗೆ ಹತ್ತು ವರ್ಷ ಅಳುಕಿದ್ದೆ. ಹಂಚಬೇಕಾದವಳಿಗೇ ಹಂಚಲಿಲ್ಲ ಎಂಬುದು ಒಂದು ದಿನವೂ ತಲೆಗೆ ಬಂದಿರಲಿಲ್ಲ. ಮಾಸ್ತರರು ಬುದ್ಧಿವಂತರೆಂದು ಜನ ಯಾಕೆ ತಿಳಿಯುತ್ತಾರೋ ಗೊತ್ತಿಲ್ಲ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋದಳು. ಎರಡೂ ಹುಡುಗಿಯರ ಕೈ ಹಿಡಿದು ತೊಟ್ಟಿಲ ಹತ್ತಿರ ಕುಳಿತಿದ್ದ ಗಂಗಕ್ಕನ ಮುಂದೆ ತಂದು ನಿಲ್ಲಿಸಿದಳು.

"ಅಕ್ಕಾರ, ಇವರಿಬ್ಬರ ಹೆಸರೂ ಹೈಮವತಿ. ಹಿಂತಾವರು ಇನ್ನೂ ಏಳು ಮಂದಿ ಅದಾರಂತ. ಎಲ್ಲಾರೂ ಗಟ್ಟಿಮುಟ್ಟಾಗಿ ಅದಾರ. ಹೆಸರಿನ್ಯಾಗ ಕೇಡು ಇದ್ದಿದ್ರ ಇವರು ಹೆಂಗ ಇಷ್ಟೆತ್ತರ ಬೆಳೀತಿದ್ರು?"

ಗಂಗಕ್ಕ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದಳು. ರಟ್ಟೆ ಹಿಡಿದು ನೋಡಿದಳು. ಸಂತೆಯಲ್ಲಾಗಿದ್ದರೆ ಹಲ್ಲನ್ನೂ ಎಣಿಸುತ್ತಿದ್ದಳು. "ಎಂದರ ದೊಡ್ಡ ಬ್ಯಾನಿ ಬಿದ್ದಿದ್ರೇನು?" ಎಂದು ಕೇಳಿದಳು. ಪುಟ್ಟವ್ವ ಇಲ್ಲವೆಂದಳು. ಹನಮಪ್ಪ ಮಗಳ ಪರವಾಗಿ, "ಒಂದು ನೆಗಡಿ ಸುದ್ದಾ ಇಲ್ರಿ, ಎಂಟು ರೊಟ್ಟಿ ತಿಂತಾಳ" ಎಂದ. ಹುಡುಗಿ ನಾಚಿ ತಲೆ ತಗ್ಗಿಸಿದಳು.

"ಆತು ಬಿಡು" ಎಂದಳು ಗಂಗಕ್ಕ. "ಒಂಬತ್ತು ಮಂದಿ ಬಾಳ್ವೆ ಮಾಡಿದ ಹೆಸರು ಅಂದ ಮ್ಯಾಲೆ ಗಟ್ಟಿ ಹೆಸರನ." ಬಾಗಿ ಕೂಸಿನ ಕಿವಿಯಲ್ಲಿ ಊದಿದಳು. ಹೆಂಗಸರೆಲ್ಲ ಬೆನ್ನಿಗೆ ಗುದ್ದಿದರು. ಬಾಣಂತಿ ಗುದ್ದುವ ಪದ್ಧತಿ ಇಲ್ಲ. ಆದರೂ ನೀಲವ್ವ ಒಂದು ಗುದ್ದಿದಳು. ಅದು ನನಗೆ ಸಲ್ಲಬೇಕಾದದ್ದೆಂದು ನನಗೆ ಅನುಮಾನವಿದೆ.

ಊರಿಗೇ ಒಂದೇ ಆಗಿರಲೆಂದು ನಾನು ಆರಿಸಿದ ಹೆಸರು ಎಲ್ಲರಿಗೂ ಇದೆ ಎಂಬ ಕಾರಣಕ್ಕೇ ನನ್ನ ಮಗಳಿಗೆ ದಕ್ಕಿತು. ಮುಂದಿನ ರಜೆಯಲ್ಲಿ ನೀಲವ್ವ ಕೂಸನ್ನು ಎತ್ತಿಕೊಂಡು ನನ್ನನ್ನು ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಎಂದು ಬಸ್ಸು ಹತ್ತಿಸಿ ಒಂಬತ್ತೂ ಮನೆಗಳನ್ನು ತೋರಿಸಿಕೊಂಡಳು. ಪ್ರತಿಯೊಂದು ಮನೆಯಲ್ಲೂ ಹುಡುಗಿಯನ್ನು ಒಂದು ಸಲ ಹೆಸರು ಹಿಡಿದು ಕರೆದಳು, ಓ ಅಂದಮೇಲೆ ಉಡಿಗೆ ಕೊಬ್ಬರಿ ಹಾಕಿದಳು. ಹುಡುಗಿಯರ ತಾಯಂದಿರು ಇದು ಯಾವ ವ್ರತವೆಂದು ನನ್ನನ್ನು ಕೇಳಿದರು. ನಾನು ನಮ್ಮ ಕಡೆ ಹೀಗೆ ಉಂಟು ಎಂದೆ. ನೀಲವ್ವ ಈಗ ಮನೆಯಲ್ಲಿ ದಿನಕ್ಕೆ ನೂರು ಸಲವಾದರೂ ಆ ಹೆಸರನ್ನು ಕರೆಯುತ್ತಾಳೆ. ಬೈಯಲು, ಉಣಿಸಲು, ಏನೂ ಇಲ್ಲದೆಯೂ.

ನನ್ನ ಮಾತು ಬೇರೆ. ಊರ ಮಕ್ಕಳ ಎದುರು ಅಷ್ಟು ಸಲೀಸಾಗಿ ಕರೆಯುತ್ತಿದ್ದ ಹೆಸರು ಮನೆಯೊಳಗೆ ಬಾಯಿಗೆ ಬರುವುದಿಲ್ಲ. ಕರೆದ ಮೇಲೆ ಓ ಎನ್ನುವ ದನಿ ಬರುವವರೆಗಿನ ಆ ಒಂದು ಕ್ಷಣ ನನ್ನಿಂದ ತಡೆದುಕೊಳ್ಳಲು ಆಗುವುದಿಲ್ಲ. ಅದಕ್ಕೇ "ಏ ಕೂಸ", "ಬಾ ಇಲ್ಲೆ", "ಎಲ್ಲಿ ಹೋದ್ಲು ಇಕಿ" ಎಂದು ಕಾಲ ಕಳೆಯುತ್ತಿದ್ದೇನೆ. ಮಗಳಿಗೆ ಈಗ ಐದು ದಾಟಿದೆ. ಮೊನ್ನೆ ನಾನು ಪಡಸಾಲೆಯಲ್ಲಿ ಕುಳಿತಿದ್ದಾಗ ಎದುರಿಗೆ ಬಂದು ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಅಪ್ಪಾ, ಓಣಿ ಮಂದಿಗೆಲ್ಲಾ ಹೆಸರು ಇಡತೀರಂತ. ನನ್ನ ಹೆಸರು ನಿಮಗ ಗೊತ್ತೈತೇನು?"

ನಾನು ಬಾಯಿ ತೆರೆದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನೀಲವ್ವ ಒಳಗಿನಿಂದ ನನ್ನ ಪರವಾಗಿ ಉತ್ತರ ಹೇಳುತ್ತಾಳೆಂದು ಕಾದೆ. ಅವಳು ಹೇಳಲಿಲ್ಲ. ಅವಳೂ ಕಾಯುತ್ತಿದ್ದಳು.